ಹುಟ್ಟುಹಬ್ಬಕ್ಕೆ ಒಂದೊಂದು ಹೆದರಿಕೆ ಬಿಡುವ ಬಗೆ

ಪಕ್ಕದ ಮನೆಯ ಹುಡುಗಿ ಮುಂದಿನ ತಿಂಗಳು ನರ್ಸ್ ಕೆಲಸಕ್ಕೆ ಜರ್ಮನಿಗೆ ಹೊರಟಿದ್ದಾಳೆ. ನಿನ್ನೆ ಸಂಜೆ ಕೊಡೆ ಮಡಚಿ ಜಗಲಿ ಹತ್ತಿದವಳು, “ಅಕ್ಕ, ಏನೇನು ತುಂಬ್ಕೊಂಡು ಹೋಗ್ಬೇಕು ಅಂತ ಎಲ್ರೂ ಹೇಳ್ತಾರೆ. ಅಲ್ಲಿ ಹೆದರಿಕೆ ಆದ್ರೆ ಏನ್ ಮಾಡ್ಬೇಕು ಅಂತ ಯಾರೂ ಹೇಳಲ್ಲ” ಅಂದಳು. ನಾನು ಅಲ್ಲಿನ ಸ್ಟುಟ್‌ಗಾರ್ಟ್‌ ಊರಿಗೆ ಹೋಗಿ ಒಂಬತ್ತು ವರ್ಷವಾಯಿತು. ರಜೆಗೆ ಕೊಡಗಿನ ಶಾಂತಳ್ಳಿಯ ಮನೆಗೆ ಬಂದು ಎರಡು ವಾರ, ಬಿಸಿಲು ಕಂಡಿದ್ದು ಒಂದೇ ದಿನ. ಬಟ್ಟೆಯೆಲ್ಲ ಬಚ್ಚಲೊಲೆಯ ಮೇಲಿನ ಹಗ್ಗದಲ್ಲಿ ನೇತಾಡುತ್ತಿವೆ, ಮೊನ್ನೆ ಹೋದ ಕರೆಂಟು ಇನ್ನೂ ಬಂದಿಲ್ಲ. ಅವಳಿಗೆ ಬಾಯಲ್ಲಿ ಹೇಳಿದ್ದನ್ನೇ ಕೂತು ಬರೆಯುತ್ತಿದ್ದೇನೆ. ಅವಳ ಹಾಗೆ ಹೊರಡುವವರು ನಮ್ಮ ಕಡೆ ಈಗ ಒಬ್ಬಿಬ್ಬರಲ್ಲ.

ನನಗೆ ದಾರಿ ತೋರಿಸಿದ್ದು ಅಜ್ಜಿ. 2016ರಲ್ಲಿ, ಹೋದ ಮೊದಲ ವರ್ಷ, ಅವಳ ಹುಟ್ಟಿದ ದಿನಕ್ಕೆ ಏನು ಕಳಿಸಲಿ ಅಂತ ಕೇಳಿದ್ದೆ. ಅಜ್ಜಿ ಕಾಶಿಗೆ ಹೋಗಿ ಬಂದವಳು. ಕಾಶಿಗೆ ಹೋದವರು ತಮಗೆ ಇಷ್ಟವಾದ ಒಂದು ಹಣ್ಣನ್ನೋ ತರಕಾರಿಯನ್ನೋ ಬಿಟ್ಟು ಬರುತ್ತಾರಲ್ಲ, ಅಜ್ಜಿ ಹಲಸಿನಹಣ್ಣು ಬಿಟ್ಟು ಬಂದಳು. ಈಗಲೂ ಹಿತ್ತಲಿನ ಹಲಸು ಹಣ್ಣಾಗಿ ಮನೆಯೆಲ್ಲ ಘಮ್ಮೆನ್ನುತ್ತಿದೆ, ಅವಳು ಒಂದು ತೊಳೆ ಮುಟ್ಟುವುದಿಲ್ಲ. “ಸೀರೆ ಬೇಡ ಮಗಾ, ಈ ವಯಸ್ಸಿಗೆ ಉಡೋಕೆ ಎಷ್ಟು ಬೇಕು? ನಿನ್ನ ದನಿಯಲ್ಲೇ ಗೊತ್ತಾಗುತ್ತೆ, ಅಲ್ಲಿ ಏನೇನಕ್ಕೋ ಹೆದರ್ಕೊಂಡಿದ್ದೀಯ. ನಾನು ಕಾಶೀಲಿ ಹಲಸು ಬಿಟ್ಟಂಗೆ ನೀನು ನನ್ನ ಹುಟ್ಟಿದ ದಿನಕ್ಕೆ ಒಂದು ಹೆದರಿಕೆ ಬಿಡು. ಹೆಂಗೆ ಬಿಟ್ಟೆ ಅಂತ ನಂಗೆ ಹೇಳು, ಸಾಕು” ಅಂದಳು.

ಅಂದಿನಿಂದ ಮನೆಯ ಒಬ್ಬೊಬ್ಬರ ಹುಟ್ಟುಹಬ್ಬಕ್ಕೂ ಒಂದೊಂದು ಹೆದರಿಕೆ ಬಿಡುತ್ತಾ ಬಂದಿದ್ದೇನೆ. ಉಡುಗೊರೆ ಅಂತ ನಾನು ಕೊಡುವುದು ಅದನ್ನೇ.

ಮೊದಲು ತಾರೀಖು ಗಟ್ಟಿ ಮಾಡಿಕೊಳ್ಳಿ

ನಮ್ಮ ಮನೆಗಳಲ್ಲಿ ಎಲ್ಲರ ಹುಟ್ಟಿದ ದಿನಕ್ಕೂ ಒಂದೇ ಲೆಕ್ಕ ನಡೆಯುವುದಿಲ್ಲ. ಅಜ್ಜಿ ಹುಟ್ಟಿದ್ದು ಕಾವೇರಿ ಸಂಕ್ರಮಣ ಕಳೆದ ಮೂರನೇ ದಿನ. ಇದು ಸುಲಭ. ತಲಕಾವೇರಿಯ ತೀರ್ಥೋದ್ಭವ ಸೂರ್ಯ ತುಲಾ ರಾಶಿಗೆ ಬರುವ ಗಳಿಗೆಯದು, ಹಾಗಾಗಿ ಪ್ರತಿ ವರ್ಷ ಅಕ್ಟೋಬರ್ 17ರ ಆಸುಪಾಸಿನಲ್ಲೇ ಬರುತ್ತದೆ. ಅಮ್ಮನದು ಮಾಘಮಾಸದ ರೋಹಿಣಿ. ಅದು ಚಂದ್ರನ ಲೆಕ್ಕ. ವರ್ಷಕ್ಕೆ ಸುಮಾರು ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತಾ ಹೋಗಿ, ಅಧಿಕಮಾಸ ಬಂದಾಗ ಎರಡೂವರೆ ವಾರದಷ್ಟು ಮುಂದಕ್ಕೆ ಹೋಗುತ್ತದೆ. ಫೋನಿನ ಕ್ಯಾಲೆಂಡರಿನಲ್ಲಿ ಒಮ್ಮೆ ಹಾಕಿಟ್ಟು ಮರೆತರೆ ಮರುವರ್ಷ ತಪ್ಪುತ್ತದೆ. ಹೊಸ ಪಂಚಾಂಗ ಮನೆಗೆ ಬಂದ ವಾರವೇ ಆ ಪುಟದ ಫೋಟೊ ತರಿಸಿಕೊಳ್ಳಿ.

ಅಪ್ಪನದು ಜೂನ್ 1. ಅವರು ಹುಟ್ಟಿದ್ದು 1956ಕ್ಕೆ ಮುಂಚೆ, ಕೊಡಗು ಇನ್ನೂ ಸಿ ದರ್ಜೆಯ ಪ್ರತ್ಯೇಕ ರಾಜ್ಯವಾಗಿದ್ದಾಗ. ಶಾಲೆಗೆ ಸೇರಿಸುವ ದಿನ ಮೇಷ್ಟ್ರು ಅಂದಾಜಿಗೆ ಬರೆದ ತಾರೀಖು ಇದು. ಆ ತಲೆಮಾರಿನ ಎಷ್ಟೋ ಜನರ ಸರ್ಟಿಫಿಕೇಟಿನಲ್ಲಿ ಹೀಗೆ ಜೂನ್ ತಿಂಗಳೇ ಇರುತ್ತದೆ. ನಿಜವಾದ ದಿನ ಯಾವುದು ಅಂತ ಕೆದಕುತ್ತಾ ಕೂರಬೇಡಿ. ಅಪ್ಪ ಅರವತ್ತು ವರ್ಷ “ಅದು ಮೇಷ್ಟ್ರ ತಾರೀಖು, ನಂದಲ್ಲ” ಅಂತಲೇ ಇದ್ದರು. ನಾನು ಅಲ್ಲಿಂದ ಆ ದಿನ ಫೋನ್ ಮಾಡಲು ಶುರು ಮಾಡಿದ ಮೇಲೆ, ಜೂನ್ 1ರ ಬೆಳಿಗ್ಗೆ ಗಡ್ಡ ಕೆರೆದುಕೊಂಡು, ಒಗೆದ ಶರ್ಟು ಹಾಕಿಕೊಂಡು ಕೂರುತ್ತಾರಂತೆ. ಅಮ್ಮ ಹೇಳಿದ್ದು.

ಹೊತ್ತಿನ ಲೆಕ್ಕವೂ ಬೇಕು. ಜರ್ಮನಿ ನಮಗಿಂತ ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ, ಬೇಸಿಗೆಯಲ್ಲಿ ಮೂರೂವರೆ ಗಂಟೆ ಹಿಂದೆ. ಮಾರ್ಚಿನ ಕೊನೆಯ ಭಾನುವಾರ ಮತ್ತು ಅಕ್ಟೋಬರಿನ ಕೊನೆಯ ಭಾನುವಾರ ಅಲ್ಲಿ ಗಡಿಯಾರ ಬದಲಾಗುತ್ತದೆ. ಇಲ್ಲಿ ರಾತ್ರಿ ಹನ್ನೆರಡಾದಾಗ ಅಲ್ಲಿ ಸಂಜೆ ಏಳೂವರೆ ಅಥವಾ ಎಂಟೂವರೆ. ಚಿಕ್ಕವರಿಗೆ ಹನ್ನೆರಡಕ್ಕೆ ಫೋನ್ ಮಾಡಿದರೆ ಖುಷಿ. ದೊಡ್ಡವರಿಗೆ ಆ ಹೊತ್ತಿನ ಫೋನ್ ಎದೆ ನಡುಗಿಸುತ್ತದೆ, ದಯವಿಟ್ಟು ಮಾಡಬೇಡಿ. ಅಮ್ಮನ ಹುಟ್ಟುಹಬ್ಬ ಕಾಫಿ ಕುಯ್ಲಿನ ಕಾಲದಲ್ಲಿ ಬರುತ್ತದೆ, ಬೆಳಗ್ಗೆಯೆಲ್ಲ ತೋಟದಲ್ಲಿರುತ್ತಾರೆ. ಸಂಜೆ ಹಣ್ಣು ತೂಕ ಹಾಕಿ, ಕೈಕಾಲು ತೊಳೆದು ಕಾಫಿಗೆ ಕೂರುವ ಐದು ಗಂಟೆ ನನಗೆ ಮಧ್ಯಾಹ್ನ ಹನ್ನೆರಡೂವರೆ, ಆಫೀಸಿನ ಊಟದ ಹೊತ್ತು. ನಿಮ್ಮ ಮನೆಯವರು ಯಾವಾಗ ಕೂರುತ್ತಾರೆ ಅನ್ನುವುದನ್ನು ಹಿಡಿದು ನಿಮ್ಮ ಹೊತ್ತನ್ನು ಹೊಂದಿಸಿ.

ಯಾವ ಹೆದರಿಕೆ ಆರಿಸಬೇಕು

ನಾನು ಇಟ್ಟುಕೊಂಡ ಅಳತೆ ಇಷ್ಟು. ಒಂದು ಗಂಟೆಯೊಳಗೆ ಮುಗಿಯಬೇಕು, ಒಬ್ಬಳೇ ಮಾಡುವಂತಿರಬೇಕು, ಕೆಟ್ಟರೆ ಮುಖ ಕೆಂಪಾಗಬೇಕೇ ಹೊರತು ಕೈಕಾಲು ಮುರಿಯಬಾರದು. ವೀಸಾ, ಕೆಲಸ ಹೋಗುವ ಭಯ, ಮೈಯಲ್ಲಿ ಕಂಡ ಗಂಟು, ಹಿಂದೆ ಬೀಳುವ ಮನುಷ್ಯ, ಇವು ಈ ಲೆಕ್ಕಕ್ಕೆ ಬರುವುದಿಲ್ಲ. ಅವನ್ನು ತಿಳಿದವರ ಹತ್ತಿರ ಅದೇ ದಿನ ಒಯ್ಯಬೇಕು. ವಾರಗಟ್ಟಲೆ ನಿದ್ದೆ ಬರದಿದ್ದರೂ ಅಷ್ಟೇ, ಡಾಕ್ಟರ ಹತ್ತಿರ ಹೋಗಿ. ಹುಟ್ಟುಹಬ್ಬಕ್ಕೆ ಕಾಯಬೇಡಿ.

ನನ್ನ ಮೊದಲನೆಯದು ನೆಲಮಾಳಿಗೆ. ನಾನಿದ್ದ ಹಳೇ ಕಟ್ಟಡದಲ್ಲಿ ಬಟ್ಟೆ ಒಗೆಯುವ ಯಂತ್ರ ನೆಲದಡಿಯ ಕೋಣೆಯಲ್ಲಿತ್ತು. ದೀಪ ಹಾಕಿದರೆ ಎರಡು ಮೂರು ನಿಮಿಷಕ್ಕೆ ತಾನೇ ಆರುತ್ತದೆ, ಸ್ವಿಚ್ಚು ಬಾಗಿಲ ಪಕ್ಕ, ಯಂತ್ರ ಒಳಗೆ ಮೂಲೆಯಲ್ಲಿ. ರಾತ್ರಿ ತೋಟದ ದಾರಿಯಲ್ಲಿ ಟಾರ್ಚ್ ಹಿಡಿದು ನಡೆದು ಬೆಳೆದವಳು ನಾನು, ಆದರೂ ಆ ಕತ್ತಲೆಗೆ ಅಂಗೈ ಬೆವರುತ್ತಿತ್ತು. ಒಂದೂವರೆ ತಿಂಗಳು ಬಟ್ಟೆಯನ್ನು ಸ್ನಾನದ ಕೋಣೆಯಲ್ಲೇ ಕೈಯಲ್ಲಿ ಒಗೆದೆ. ಸ್ಟುಟ್‌ಗಾರ್ಟ್ ಕಡೆ ಕಟ್ಟಡದ ಮೆಟ್ಟಿಲು ಗುಡಿಸುವ ಸರದಿ ವಾರಕ್ಕೊಂದು ಮನೆಗೆ ಬರುತ್ತದೆ. ಕೇರ್‌ವೋಖೆ ಅನ್ನುತ್ತಾರೆ, ಸರದಿ ಬಂದವರ ಬಾಗಿಲಿಗೆ ಒಂದು ಫಲಕ ತೂಗುಹಾಕುತ್ತಾರೆ. ನಮ್ಮಲ್ಲಿ ನೆಲಮಾಳಿಗೆಯ ಮೆಟ್ಟಿಲೂ ಅದರಲ್ಲಿ ಸೇರಿತ್ತು. ಅಜ್ಜಿಯ ಹುಟ್ಟಿದ ದಿನದ ವಾರವೇ ಫಲಕ ನನ್ನ ಬಾಗಿಲಿಗೆ ಬಂತು.

ಒಂದೇ ಏಟಿಗೆ ಮಾಡಲಿಲ್ಲ. ಸೋಮವಾರ ಕೆಳಗೆ ಇಳಿದು, ದೀಪ ಹಾಕಿ, ಹತ್ತು ಎಣಿಸಿ ಮೇಲೆ ಬಂದೆ. ಮಂಗಳವಾರ ಪೊರಕೆ ಹಿಡಿದು ಹೋಗಿ ಮೆಟ್ಟಿಲು ಗುಡಿಸಿದೆ. ಬುಧವಾರ ಟಾರ್ಚ್ ಕೈಯಲ್ಲಿಟ್ಟುಕೊಂಡು, ದೀಪ ಆರುವವರೆಗೂ ಬೇಕೆಂದೇ ನಿಂತೆ. ಆರಿತು. ಟಾರ್ಚ್ ಹಾಕದೆ ಮತ್ತೆ ಹತ್ತು ಎಣಿಸಿದೆ. ಇದು ಮುಖ್ಯ. ನಾವು ಹೆದರುವುದು ಕೋಣೆಗಲ್ಲ, ದೀಪ ಆರುವ ಆ ಕ್ಷಣಕ್ಕೆ. ಅದು ಬರದಂತೆ ಓಡಾಡಿದಷ್ಟು ದಿನವೂ ಹೆದರಿಕೆ ಹಾಗೇ ಉಳಿಯುತ್ತದೆ. ಚಿಕ್ಕಂದಿನಲ್ಲಿ ಮಳೆಗಾಲದ ತೋಟದಲ್ಲಿ ಜಿಗಣೆಗೆ ನಾನು ಕಿರುಚಿ ಓಡುವಾಗ ಅಜ್ಜಿ ನಿಲ್ಲಿಸಿ, “ನೋಡು, ಎಲ್ಲಿ ಕಚ್ಚಿದೆ ನೋಡು, ನೋಡಿ ಉಪ್ಪು ಹಾಕು” ಅನ್ನುತ್ತಿದ್ದಳು. ಅದೇ ಪಾಠ. ಗುರುವಾರ ಬಟ್ಟೆಯ ಬುಟ್ಟಿ ಹೊತ್ತು ಇಳಿದೆ.

ಹೇಳುವ ಬಗೆ ಅಂತ ಒಂದಿದೆ. “ಹೆದರಿಕೆ ಹೋಯಿತು” ಅಂದರೆ ಅಜ್ಜಿಗೆ ಏನೂ ಸಿಗುವುದಿಲ್ಲ. ಅವಳು ಕೇಳಿದ್ದು, “ಅಲ್ಲಿ ಏನು ವಾಸನೆ?” ಮಣ್ಣಿನ ವಾಸನೆ ಅಂದೆ, ಪಕ್ಕದವರು ಅಲ್ಲಿ ಆಲೂಗಡ್ಡೆ, ಸೇಬು ಇಟ್ಟಿದ್ದಾರೆ ಅಂದೆ. “ಓ, ಹಂಗಾದ್ರೆ ನಮ್ಮ ಬೀಜದ ಶುಂಠಿ ಇಡೋ ಗುಂಡಿ ಇದ್ದಂಗೆ” ಅಂದಳು. ಒಂಬತ್ತು ವರ್ಷವಾದರೂ ಆ ಕೋಣೆ ನಮ್ಮ ಮನೆಯಲ್ಲಿ ಶುಂಠಿ ಗುಂಡಿ. ವಾಸನೆ, ಸದ್ದು, ಯಾರು ಸಿಕ್ಕರು, ಕಾಲಲ್ಲಿ ಯಾವ ಚಪ್ಪಲಿ, ಇವನ್ನು ಹೇಳಿ. ಮನೆಯವರು ನೀವಿರುವ ಜಾಗವನ್ನು ಮನಸ್ಸಿನಲ್ಲಿ ಕಟ್ಟಿಕೊಳ್ಳುವುದು ಇವುಗಳಿಂದ.

ಅಮ್ಮನದಕ್ಕೆ ಬಿಟ್ಟದ್ದು ಮಂಜುಗಡ್ಡೆಯ ಮೆಟ್ಟಿಲು. ಸ್ಟುಟ್‌ಗಾರ್ಟ್ ಗುಡ್ಡಗಳ ನಡುವಿನ ಬಟ್ಟಲಿನಂಥ ಊರು, ಬೀದಿಯಿಂದ ಬೀದಿಗೆ ಹತ್ತಿಳಿಯುವ ಮೆಟ್ಟಿಲುದಾರಿಗಳೇ ನಾನೂರಕ್ಕೂ ಹೆಚ್ಚಿವೆ. ಮಳೆಗಾಲದಲ್ಲಿ ಗದ್ದೆಯ ಬದುವಿನ ಮೇಲೆ ನಡೆಯುತ್ತೀವಲ್ಲ, ಹಾಗೆಯೇ. ಹೆಜ್ಜೆ ಚಿಕ್ಕದು, ಪಾದ ಪೂರ್ತಿ ಊರಬೇಕು, ಕೈ ಜೇಬಿನಲ್ಲಿರಬಾರದು, ಕಂಬಿ ಬಿಡಬಾರದು.

ಫೋನಿನಲ್ಲಿ ಅವರ ಭಾಷೆ

ಎದುರಿಗೆ ನಿಂತರೆ ಕೈಸನ್ನೆಯಲ್ಲಾದರೂ ನಡೆಯುತ್ತದೆ. ಫೋನಿನಲ್ಲಿ ಗೊತ್ತಿಲ್ಲದ ಭಾಷೆ ಮಾತಾಡುವುದು ನಾನು ಕಂಡ ಎಲ್ಲರಿಗೂ ಕಷ್ಟ. ಅಪ್ಪನ ಹುಟ್ಟುಹಬ್ಬಕ್ಕೆ ಅದನ್ನು ಎತ್ತಿಕೊಂಡೆ, ಹಲ್ಲಿನ ಡಾಕ್ಟರಿಗೆ ಫೋನ್ ಮಾಡಿ ದಿನ ಗೊತ್ತು ಮಾಡುವುದು.

ಒಂದು ಹಾಳೆಯಲ್ಲಿ ಮೊದಲೇ ಬರೆದುಕೊಳ್ಳಿ. ನಿಮ್ಮ ಹೆಸರು, ಅದರ ಒಂದೊಂದು ಅಕ್ಷರ ಬಿಡಿಸಿ ಹೇಳುವ ರೀತಿ, ಹುಟ್ಟಿದ ತಾರೀಖು, ವಿಮೆಯ ಹೆಸರು, ಯಾಕೆ ಬರಬೇಕು ಅನ್ನುವ ಒಂದೇ ವಾಕ್ಯ. ಅದರ ಕೆಳಗೆ ಎರಡು ಸಾಲು ಕನ್ನಡ ಲಿಪಿಯಲ್ಲೇ ಬರೆದಿಡಿ. “ಬಿಟ್ಟೆ ಲಾಂಗ್‌ಸಾಮರ್” ಅಂದರೆ ಸ್ವಲ್ಪ ನಿಧಾನಕ್ಕೆ. “ಕ್ಯೊನ್ನೆನ್ ಜೀ ದಾಸ್ ಬಿಟ್ಟೆ ವೀಡರ್‌ಹೋಲೆನ್” ಅಂದರೆ ಇನ್ನೊಮ್ಮೆ ಹೇಳುತ್ತೀರಾ. ಈ ಎರಡನ್ನು ನಾಚಿಕೆಯಿಲ್ಲದೆ ಎಷ್ಟು ಸಲ ಬೇಕಾದರೂ ಹೇಳಬಹುದು.

ಎರಡು ಜಾಗದಲ್ಲಿ ಎಡವುತ್ತೀರಿ. ಜರ್ಮನ್ನಿನಲ್ಲಿ ಇಪ್ಪತ್ತೊಂದಕ್ಕೆ “ಒಂದು ಮತ್ತು ಇಪ್ಪತ್ತು” ಅನ್ನುತ್ತಾರೆ, ನಂಬರ್ ಬರೆದುಕೊಳ್ಳುವಾಗ ಅಂಕಿಗಳು ತಿರುವುಮುರುವಾಗುತ್ತವೆ. ಒಂದೊಂದೇ ಅಂಕಿ ಹೇಳಿ ಅಂತ ಕೇಳಿ. ಇನ್ನೊಂದು, “ಹಾಲ್ಪ್ ನೊಯ್ನ್”. ಪದಕ್ಕೆ ಪದ ಇಟ್ಟರೆ “ಅರ್ಧ ಒಂಬತ್ತು”. ನಾವು ಒಂಬತ್ತೂವರೆ ಅಂದುಕೊಳ್ಳುತ್ತೇವೆ, ಅವರ ಲೆಕ್ಕದಲ್ಲಿ ಎಂಟೂವರೆ, ಒಂಬತ್ತಕ್ಕೆ ಅರ್ಧ ದಾರಿ. ನಾನು ಒಂದು ಗಂಟೆ ತಡವಾಗಿ ಹೋಗಿ ವಾಪಸು ಬಂದೆ. ಅಪ್ಪನಿಗೆ ಹೇಳಿದಾಗ, “ಮತ್ತೆ ಫೋನ್ ಮಾಡಿದ್ಯಾ?” ಅಂತ ಕೇಳಿದರು. ಮಾಡಿದ್ದೆ. “ಹಾಗಾದ್ರೆ ಎರಡು ಹೆದರಿಕೆ ಲೆಕ್ಕ ಆಯ್ತು” ಅಂದರು.

ಇದರ ಜೊತೆ ಎರಡು ನಂಬರನ್ನು ಬಾಯಿಪಾಠ ಮಾಡಿ. ಜೀವಕ್ಕೆ ಅಪಾಯವಾದರೆ ಆಂಬುಲೆನ್ಸಿಗೆ 112, ಡಾಕ್ಟರ ಬಾಗಿಲು ಮುಚ್ಚಿದ ಹೊತ್ತಿನಲ್ಲಿ ಜ್ವರ ನೋವು ಬಂದರೆ 116117. ಅಪ್ಪ ಇವನ್ನು ಮನೆಯ ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿದ್ದಾರೆ. ಇಲ್ಲಿಂದ ಅವರಿಗೆ ಅದರಿಂದ ಏನೂ ಉಪಯೋಗವಿಲ್ಲ, ಆದರೂ ಪ್ರತಿ ಹೊಸ ವರ್ಷ ಹೊಸ ಕ್ಯಾಲೆಂಡರಿಗೆ ಎತ್ತಿ ಬರೆಯುತ್ತಾರೆ.

ಮಳೆಗಾಲದ ಹುಟ್ಟುಹಬ್ಬ

ಅಣ್ಣನದು ಆಗಸ್ಟ್ 17. 2018ರಲ್ಲಿ ಅದು ಶುಕ್ರವಾರ. ಆ ವಾರ ಕೊಡಗಿನಲ್ಲಿ ಏನಾಯಿತು ಅಂತ ನಮ್ಮವರಿಗೆ ಬಿಡಿಸಿ ಹೇಳಬೇಕಿಲ್ಲ. ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆ ಅಂತ ಒಂದೊಂದೇ ಹೆಸರು ಬರುತ್ತಿತ್ತು, ಗುಡ್ಡ ಜಾರಿದ ವಿಡಿಯೊಗಳು ಬರುತ್ತಿದ್ದವು, ಮನೆಗೆ ಫೋನ್ ಹೋಗುತ್ತಿರಲಿಲ್ಲ. ಅಣ್ಣನಿಗೆ ಹುಟ್ಟುಹಬ್ಬದ ಶುಭಾಶಯ ಅಂತ ವಾಟ್ಸ್ಆ್ಯಪಿನಲ್ಲಿ ದನಿ ಕಳಿಸಿದೆ. ಒಂದೇ ಟಿಕ್ ಗೆರೆ ಮೂಡಿತು, ಅಂದರೆ ಅವನಿಗೆ ಇನ್ನೂ ತಲುಪಿಲ್ಲ. ಶನಿವಾರ ಒಂದೇ ಗೆರೆ, ಭಾನುವಾರ ಒಂದೇ ಗೆರೆ. ಸೋಮವಾರ ಬೆಳಗ್ಗೆ ಟ್ರೇನಿನಲ್ಲಿದ್ದಾಗ ಎರಡನೇ ಗೆರೆ ಬಂತು. ಮನೆಗೆ ಏನೂ ಆಗಿರಲಿಲ್ಲ. ಆದರೆ ಆ ಮೂರು ದಿನ ನನ್ನೊಳಗೆ ಉಳಿದುಬಿಟ್ಟವು. ಆಮೇಲೆ ಯಾವ ಹೊತ್ತಲ್ಲದ ಹೊತ್ತಿನಲ್ಲಿ ಮನೆಯಿಂದ ಫೋನ್ ಬಂದರೂ ಎತ್ತುವ ಮೊದಲು ಹೊಟ್ಟೆ ತಿರುಚುತ್ತಿತ್ತು.

ನಾವು ಮಾಡಿಕೊಂಡ ಏರ್ಪಾಟು ಇದು. ನಿಮಗೂ ಆಗಬಹುದು.

ಯಾರು ಯಾರಿಗೆ ಯಾವಾಗ ಫೋನ್ ಮಾಡಿದರೂ ಮೊದಲ ಪದ “ಕ್ಷೇಮ”. ಹಲೋ ಅಲ್ಲ, ಏನು ಮಾಡ್ತಿದ್ದೀಯ ಅಲ್ಲ. ಅಜ್ಜ ಕಾಗದ ಬರೆಯುವಾಗ “ಇತ್ತ ನಾವೆಲ್ಲರೂ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ” ಅಂತ ಶುರು ಮಾಡುತ್ತಿದ್ದರು. ಕಾಗದ ತಲುಪಲು ವಾರವಾಗುತ್ತಿದ್ದ ಕಾಲದಲ್ಲಿ ಆ ಸಾಲಿಗೆ ಎಷ್ಟು ಬೆಲೆಯಿತ್ತು ಅಂತ ನನಗೆ ಆಗ ತಿಳಿಯಿತು. ಕ್ಷೇಮ ಇಲ್ಲದಿದ್ದರೆ ಮೊದಲು ಯಾರಿಗೆ ಏನಾಯಿತು ಅನ್ನುವುದನ್ನೇ ಹೇಳಬೇಕು. ಸುತ್ತಿ ಬಳಸಿ ಮಾತಾಡಬಾರದು.

ಜೂನ್ ಬರುವ ಮೊದಲೇ ಮೂರು ಬೇರೆ ಬೇರೆ ಜಾಗದ ಮೂರು ಜನರ ನಂಬರ್ ಬರೆದಿಟ್ಟುಕೊಳ್ಳಿ. ನಮ್ಮದು ಸೋಮವಾರಪೇಟೆ ಪೇಟೆಯಲ್ಲಿ ಒಬ್ಬರು, ಕುಶಾಲನಗರದಲ್ಲಿ ಒಬ್ಬರು, ಬೆಂಗಳೂರಿನಲ್ಲಿ ಚಿಕ್ಕಮ್ಮ. ಶಾಂತಳ್ಳಿಯಲ್ಲಿ ನೆಟ್‌ವರ್ಕ್ ಹೋದರೆ ಅಣ್ಣ ಬೈಕಿನಲ್ಲಿ ಸಿಗ್ನಲ್ ಸಿಗುವ ತಿರುವಿನವರೆಗೆ ಹೋಗಿ ಆ ಮೂವರಲ್ಲಿ ಒಬ್ಬರಿಗೆ ಹೇಳುತ್ತಾನೆ, ಅವರು ನನಗೆ ಹೇಳುತ್ತಾರೆ. ಮಳೆಗಾಲದ ಹುಟ್ಟುಹಬ್ಬಕ್ಕೆ ಹಿಂದಿನ ದಿನವೇ ದನಿ ಕಳಿಸಿಬಿಡಿ, ನೆಟ್‌ವರ್ಕ್ ಬಂದಾಗ ತಾನೇ ತಲುಪುತ್ತದೆ. ವಿಡಿಯೊಗಳನ್ನು ನೋಡಬೇಡಿ. ಪ್ರತಿ ಮಳೆಗೂ ಹಳೇ ವರ್ಷದವನ್ನು ಹೊಸದೆಂದು ಯಾರಾದರೂ ಹರಿಬಿಡುತ್ತಾರೆ, ಮನಸ್ಸಿಗೆ ಅದು ಹಳೆಯದು ಅಂತ ತಿಳಿಯುವುದಿಲ್ಲ.

ಅಣ್ಣನ ಹುಟ್ಟುಹಬ್ಬಕ್ಕೆ ನಾನು ಬಿಡುವ ಹೆದರಿಕೆ ಪ್ರತಿ ವರ್ಷ ಒಂದೇ, ಫೋನನ್ನು ಮನೆಯಲ್ಲಿಟ್ಟು ಹೊರಗೆ ಹೋಗುವುದು. 2019ರಲ್ಲಿ ಹತ್ತು ನಿಮಿಷ. ಮೆಟ್ಟಿಲುದಾರಿ ಅರ್ಧ ಹತ್ತಿ ಓಡಿ ಬಂದೆ. ಮರುವರ್ಷ ಇಪ್ಪತ್ತು. ಕಳೆದ ವರ್ಷ ಮೇಲಿನ ದ್ರಾಕ್ಷಿ ತೋಟದವರೆಗೂ ಹತ್ತಿ, ಒಂದು ಗಂಟೆ ಬೆಂಚಿನ ಮೇಲೆ ಕೂತು ಇಳಿದು ಬಂದೆ. ಇದು ಪೂರ್ತಿ ಹೋಗಿಲ್ಲ. ಅಣ್ಣನಿಗೆ ಅದನ್ನೂ ಹೇಳುತ್ತೇನೆ. ಅವನು ಜಾಸ್ತಿ ಮಾತಾಡುವವನಲ್ಲ, “ಒಂದು ಗಂಟೆನಾ? ಪರವಾಗಿಲ್ಲ” ಅಂತಾನೆ.

ಕಳಿಸುವುದು, ತರಿಸುವುದು

ವಸ್ತು ಕಳಿಸಲೇಬೇಕು ಅನ್ನಿಸಿದರೆ ಹಬ್ಬದ ಮುಂಚಿನ ತಿಂಗಳೇ ಕಳಿಸಿ. ಊರಿಂದ ತರಿಸುವುದಾದರೆ ತುಪ್ಪ, ಹಾಲಿನ ಸಿಹಿ, ಮಾಂಸದ ಉಪ್ಪಿನಕಾಯಿ ಬೇಡ, ಯೂರೋಪಿಗೆ ಹೊರಗಿನ ದೇಶದಿಂದ ಮಾಂಸ ಮತ್ತು ಹಾಲಿನ ಪದಾರ್ಥ ಬರುವಂತಿಲ್ಲ. ಕಾಫಿಪುಡಿ ಉಡುಗೊರೆಯ ಪಾರ್ಸೆಲ್ಲಿನಲ್ಲಿ ಅರ್ಧ ಕಿಲೋ ಮೀರದಿರಲಿ, ಒಟ್ಟು ಬೆಲೆ 45 ಯೂರೋ ದಾಟದಿರಲಿ, ಇಲ್ಲದಿದ್ದರೆ ಸುಂಕ ಬೀಳುತ್ತದೆ. ನನಗೆ ಅಮ್ಮ ಕಳಿಸುವುದು ಏಲಕ್ಕಿ, ಕಾಳುಮೆಣಸು, ಒಂದು ಪೊಟ್ಟಣ ಕಾಫಿಪುಡಿ. ಅಷ್ಟೇ ಸಾಕು.

ನಿಮ್ಮದೇ ಹುಟ್ಟುಹಬ್ಬ

ಅಲ್ಲಿ ಹುಟ್ಟುಹಬ್ಬದವರೇ ಆಫೀಸಿಗೆ ಕೇಕ್ ಒಯ್ಯಬೇಕು. ಯಾರೂ ತಂದುಕೊಡುವುದಿಲ್ಲ. ಗೊತ್ತಿಲ್ಲದೆ ಮೊದಲ ವರ್ಷ ನಾನು ಬರಿಗೈಯಲ್ಲಿ ಹೋಗಿ, ಸಂಜೆವರೆಗೂ ಕಾದು, ಮನೆಗೆ ಬಂದು ಅತ್ತಿದ್ದೆ. ಇನ್ನೊಂದು, ದಿನಕ್ಕೆ ಮುಂಚೆ ಶುಭಾಶಯ ಹೇಳುವುದು ಅವರಿಗೆ ಅಪಶಕುನ. ಭಾನುವಾರ ಹುಟ್ಟುಹಬ್ಬವಿದ್ದ ಜೊತೆಯವಳಿಗೆ ಶುಕ್ರವಾರವೇ ಕೈಕುಲುಕಲು ಹೋದೆ, ಅವಳು ಕೈ ಹಿಂದಕ್ಕೆಳೆದುಕೊಂಡಳು. ಸೋಮವಾರ ಹೇಳಿ, ಅದಕ್ಕೆ ದೋಷವಿಲ್ಲ.

ಎರಡನೇ ವರ್ಷ ರವೆ ಉಂಡೆ ಕಟ್ಟಿಕೊಂಡು ಹೋದೆ. ಎರಡು ಲೋಟ ಚಿರೋಟಿ ರವೆ ತುಪ್ಪದಲ್ಲಿ ಹುರಿದು, ಒಂದೂವರೆ ಲೋಟ ಸಕ್ಕರೆ, ಒಂದು ಲೋಟ ಒಣ ಕೊಬ್ಬರಿ ತುರಿ, ಮನೆಯ ಏಲಕ್ಕಿ, ಕಟ್ಟಲು ಬೇಕಾದಷ್ಟೇ ಬಿಸಿ ಹಾಲು. ಹದಿನಾಲ್ಕು ಜನರ ಮುಂದೆ ನಿಂತು ಇದು ಏನು, ಏಲಕ್ಕಿ ಎಲ್ಲಿಯದು ಅಂತ ಜರ್ಮನ್ನಿನಲ್ಲಿ ನಾಲ್ಕು ವಾಕ್ಯ ಹೇಳಿದೆ. ನನ್ನ ಹುಟ್ಟುಹಬ್ಬಕ್ಕೆ ನಾನು ಬಿಟ್ಟ ಹೆದರಿಕೆ ಅದು. ಅದೇ ಸಂಜೆ ಅಜ್ಜಿಯೂ ಒಂದು ಬಿಟ್ಟಿದ್ದಳು. ಮುಟ್ಟಿದರೆ ಕೆಟ್ಟುಹೋಗುತ್ತೆ ಅಂತ ಫೋನಿಗೆ ಬೆರಳೇ ತಾಗಿಸದಿದ್ದವಳು, ಮನೆಯಲ್ಲಿ ಯಾರೂ ಇಲ್ಲದಾಗ ನನ್ನ ವಿಡಿಯೊ ಕರೆಯನ್ನು ತಾನೇ ಎತ್ತಿದಳು. ಒಂದು ನಿಮಿಷ ಬರೀ ಹೆಂಚು ಕಂಡಿತು, ಮಳೆಯ ಸದ್ದು ಕೇಳಿತು.

ಈ ಅಕ್ಟೋಬರಿಗೆ ಈಜು ಅಂತ ಬರೆದುಕೊಂಡಿದ್ದೇನೆ. ಹೊಳೆ ಹತ್ತಿರ ಹೋಗಬೇಡ ಅಂತ ಗದರಿಸಿಕೊಂಡೇ ಬೆಳೆದವಳು ನಾನು, ಎದೆಮಟ್ಟದ ನೀರಿಗೂ ಉಸಿರು ಸಿಕ್ಕಿಕೊಳ್ಳುತ್ತದೆ. ಸಂಕ್ರಮಣದ ದಿನ ಕೊಳದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂರುವುದು, ಮರುದಿನ ಕಂಬಿ ಹಿಡಿದು ಇಳಿಯುವುದು, ಮೂರನೇ ದಿನ ಮುಖ ಮುಳುಗಿಸುವುದು. ಬೆಳಿಗ್ಗೆ ಒಲೆ ಮುಂದೆ ಕೂತು ಅಜ್ಜಿಗೆ ಈ ಲೆಕ್ಕ ಒಪ್ಪಿಸಿದೆ. ಪಕ್ಕದ ಮನೆಯವಳೂ ಕೂತು ಕೇಳುತ್ತಿದ್ದಳು. ಅಜ್ಜಿ ಕೆಂಡ ಸರಿಮಾಡುತ್ತಾ, “ಇಳಿಯೋಕೆ ಮುಂಚೆ ನೀರು ಮುಟ್ಟಿ ಕಣ್ಣಿಗೊತ್ಕೋ, ಆಮೇಲೆ ಇಳಿ” ಅಂದಳು. ಆಮೇಲೆ ಆ ಹುಡುಗಿಯ ಕಡೆ ತಿರುಗಿ, ಅವಳ ಅಮ್ಮ ಹುಟ್ಟಿದ್ದು ಯಾವ ತಿಂಗಳು ಅಂತ ಕೇಳಿದಳು.